ದಿನದ ರೊಟ್ಟಿ, ಹಗೇವು, ಸಾಲ

'ಹೊಟ್ಟೆಪಾಡಿಗೆ ಮತ ಬಿಟ್ಟವರು' ಅನ್ನೋ ಮಾತು ಬಳ್ಳಾರಿ ಸೀಮೆಯ ದಲಿತ ಕ್ರೈಸ್ತರ ಕಿವಿಗೆ ಹೊಸದಲ್ಲ. ಇಂಗ್ಲಿಷರು ಇಂಥವರಿಗೆ 'ಅಕ್ಕಿ ಕ್ರೈಸ್ತರು' ಅಂತ ಹೆಸರೇ ಇಟ್ಟಿದ್ದರು. ಈ ಹೀಯಾಳಿಕೆಯೊಳಗೆ ಒಂದು ತೀರ್ಪು ಅಡಗಿದೆ: ಭಕ್ತಿ ಬೇರೆ, ಹೊಟ್ಟೆ ಬೇರೆ, ಹೊಟ್ಟೆ ತುಂಬಿದವನದ್ದೇ ಶುದ್ಧ ಭಕ್ತಿ. ಆದರೆ ಯೇಸು ಕಲಿಸಿದ ಪ್ರಾರ್ಥನೆಯಲ್ಲೇ ಇವತ್ತಿನ ಊಟವನ್ನು ನೇರವಾಗಿ ಕೇಳುವ ಮಾತಿದೆಯಲ್ಲ, ಅದಕ್ಕೇನು ಹೇಳೋಣ?

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವನು ಹಿಡಿದ ಕನ್ನಡ ಬೈಬಲ್ಲಿನ ಕೆಲಸ ವಿಲಿಯಂ ರೀವ್‌ನ ಜೊತೆಗೂಡಿ 1831ರಲ್ಲಿ ಪೂರ್ತಿಯಾಯಿತು. ಅಕ್ಷರದಿಂದ ದೂರವಿಟ್ಟಿದ್ದ ಕೇರಿಗಳಿಗೆ ಈ ಪುಸ್ತಕ ಮುಟ್ಟಿದ್ದು ಬಹುಪಾಲು ಕಿವಿಯ ಮೂಲಕ. ಅದರಲ್ಲಿ ಮನ್ನದ ಕಥೆ ಬರುತ್ತದೆ. ಈಜಿಪ್ಟಿನ ಜೀತದಿಂದ ಬಿಡಿಸಿಕೊಂಡ ಜನ ಮರುಭೂಮಿಯಲ್ಲಿ ದಿನದಿನಕ್ಕೆ ಬೇಕಾದಷ್ಟನ್ನೇ ಆಯ್ದುಕೊಳ್ಳಬೇಕು. ನಾಳೆಗೆಂದು ಎತ್ತಿಟ್ಟರೆ ಹುಳ ಬೀಳುತ್ತದೆ.

ಈ ಕಥೆಯನ್ನು ಕುರುಗೋಡಿನ ಎರೆಹೊಲದ ಕಡೆ ನಿಂತು ಓದಬೇಕು. ಜೋಳದ ಸೀಮೆಯಲ್ಲಿ ಉಳ್ಳವರ ಕಾಳು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೂತಿರುತ್ತಿತ್ತು. ಅದನ್ನು ಬಿತ್ತಿ, ಕೊಯ್ದು, ತೂರಿದ ಕೈಗಳಲ್ಲಿ ಕೇರಿಯ ಕೈಗಳೂ ಇದ್ದವು. ನಾಳೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ದೇವರು ನಡೆಸುತ್ತಾನೆ ಅನ್ನೋ ಉಪದೇಶ ಹಗೇವು ಇದ್ದವನಿಗೆ ಒಂದು ಎಚ್ಚರಿಕೆ. ಸಂಜೆಯ ಮುದ್ದೆ ಇನ್ನೊಬ್ಬನ ಅಂಗಳದಲ್ಲಿ ತೀರ್ಮಾನವಾಗುವವನಿಗೆ ಅದೇ ಮಾತು ಸುಮ್ಮನಿರು ಅಂತಲೂ ಕೇಳಿಸಬಹುದು. ಬೋಧಕರು ಹೆಚ್ಚಾಗಿ ಈ ಎರಡನೆಯವನಿಗೇ ಬೋಧಿಸಿದರು ಅನ್ನೋದು ನನ್ನ ತಕರಾರು. (ಈ ಅರಿವು ಪರದೇಶದಿಂದಲೇ ಬರಬೇಕಿರಲಿಲ್ಲ ಬಿಡಿ. ಗಂಡ ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ವಾಪಸು ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮ ನಮ್ಮವಳೇ. ಆದರೆ ಆಕೆಯದು ತಾನೇ ಆರಿಸಿಕೊಂಡ ಮಿತಿ, ಹೇರಿದ ಹಸಿವಲ್ಲ.)

1876-78ರ ಧಾತು-ಈಶ್ವರ ಬರದಲ್ಲಿ ಈ ನಂಬಿಕೆ ಒರೆಗೆ ಬಿತ್ತು. ನಂಬಿಕೆ ಇದ್ದದ್ದು ಪ್ರಾರ್ಥಿಸುವವರಲ್ಲಿ ಮಾತ್ರವಲ್ಲ. ಪೇಟೆಯನ್ನು ಮುಟ್ಟದೆ ಬಿಟ್ಟರೆ ಕಾಳು ತಾನೇ ಬರುತ್ತದೆ ಅನ್ನೋದು ವೈಸರಾಯ್ ಲಿಟ್ಟನ್ನನ ಸರ್ಕಾರದ ನಂಬಿಕೆ. ಬರದ ನಡುವೆಯೂ ಹಡಗುಗಳಲ್ಲಿ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಪುಡಿಕಾಸು ಸಾಕು ಅಂದ. ಅಂದರೆ ಅರ್ಧ ಕಿಲೋಗೂ ಕಮ್ಮಿ; ಅದನ್ನು ತಿಂದು ಕಲ್ಲು ಒಡೆಯಬೇಕು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಇದು ಜೀವ ಹಿಡಿಯಲು ಸಾಲದು ಅಂತ ಜಗಳಕ್ಕೇ ನಿಂತ. 1871ರಿಂದ 1881ರ ಜನಗಣತಿಯ ಹೊತ್ತಿಗೆ ಬಳ್ಳಾರಿ ಜಿಲ್ಲೆಯಲ್ಲಿ ಹೆಚ್ಚೂಕಮ್ಮಿ ಐದರಲ್ಲೊಂದು ಪಾಲು ಜನ ಕಡಿಮೆಯಾಗಿದ್ದರು. ಅಂಥ ಕಾಲದಲ್ಲಿ ಗಂಜಿ ಕೊಟ್ಟವರ ದೇವರ ಕಡೆ ತಿರುಗಿದವರನ್ನು ಆಸೆಬುರುಕರು ಅನ್ನುವವರು ಮೊದಲು ಆ ಒಂದು ಪೌಂಡನ್ನು ತೂಗಿ ನೋಡಲಿ.

ಹಾಗಂತ ಚರ್ಚನ್ನು ಬಿಟ್ಟುಬಿಡಬೇಕಿಲ್ಲ. ಕ್ರೈಸ್ತನಾದ ಅಸ್ಪೃಶ್ಯನಿಗೆ ಅವನ ಪತನಕ್ಕೆ ಅವನ ಪಾಪವೇ ಕಾರಣ ಅಂತ ಕಲಿಸಲಾಗುತ್ತದೆ, ಸಮಾಜದ ಅನ್ಯಾಯವಲ್ಲ. ಹಾಗಾಗಿ ಅವನಲ್ಲಿ ಬದಲಾವಣೆಯ ಕಿಚ್ಚು ಹುಟ್ಟುವುದಿಲ್ಲ ಎಂದು ಅಂಬೇಡ್ಕರ್ ಬರೆದರು. ಆ ಪ್ರಾರ್ಥನೆಯನ್ನೇ ಈ ಕಣ್ಣಿನಿಂದ ನೋಡಿ. ಊಟ ಕೇಳುವಾಗ 'ನನಗೆ' ಇಲ್ಲ, 'ನಮಗೆ' ಇದೆ. ಊಟದ ಬೆನ್ನಿಗೇ ಬರುವ ಕೋರಿಕೆಯಲ್ಲಿ ಮತ್ತಾಯನ ಗ್ರೀಕ್ ಪದದ ನೇರ ಅರ್ಥ ಸಾಲ. ಇವತ್ತು ನಮ್ಮ ಗುಡಿಗಳಲ್ಲಿ ಸಾಮಾನ್ಯವಾಗಿ 'ತಪ್ಪು' ಅಂತ ಹೇಳುತ್ತಾರೆ. ರೊಟ್ಟಿ, ಅದರ ಪಕ್ಕದಲ್ಲೇ ಸಾಲದ ಮನ್ನಾ: ಜೀತದ ಮನೆಯವರಿಗೆ ಈ ಜೋಡಿಯನ್ನು ಬಿಡಿಸಿ ಹೇಳಬೇಕೆ? ಜೀತಪದ್ಧತಿ ರದ್ದು ಮಾಡುವ ಕಾಯ್ದೆ ಬರಲು 1976 ಆಗಬೇಕಾಯಿತು. 'ಸಾಲ' 'ತಪ್ಪು' ಆದಾಗ ಸಾಹುಕಾರನ ಖಾತೆಪುಸ್ತಕ ಪ್ರಾರ್ಥನೆಯಿಂದ ಸದ್ದಿಲ್ಲದೆ ಹೊರಗೆ ಹೋಯಿತು.

ತುಂಗಭದ್ರೆಗೆ ಅಣೆಕಟ್ಟು ಬಂದು, ಕಾಲುವೆ ಹರಿದು, ಸಿರುಗುಪ್ಪ ಭತ್ತದ ನಾಡಾಯಿತು. ಗದ್ದೆಯಿಲ್ಲದವರು ಮಾತ್ರ ನಾಟಿಗೆ ಬಗ್ಗಿದರು, ಕೂಲಿಗೆ ಕಾದರು. ಅಷ್ಟರಲ್ಲಿ ಸಂವಿಧಾನದ 1950ರ ಪರಿಶಿಷ್ಟ ಜಾತಿಗಳ ಆದೇಶ ಕ್ರೈಸ್ತನಾದವನನ್ನು ಪಟ್ಟಿಯಿಂದ ಹೊರಗಿಟ್ಟಾಗಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತರಿಗೂ ಆ ಸ್ಥಾನ ಸಿಗಲಿ ಎಂದು 2007ರಲ್ಲಿ ರಂಗನಾಥ ಮಿಶ್ರ ಆಯೋಗ ಹೇಳಿತು. 2022ರಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ಕೇರಿಯಲ್ಲಿ ಎಷ್ಟೋ ಮನೆಗಳು ಎರಡು ಹೆಸರು ಇಟ್ಟುಕೊಂಡಿವೆ: ಭಾನುವಾರಕ್ಕೊಂದು, ಜಾತಿ ಸರ್ಟಿಫಿಕೇಟಿಗೊಂದು.