ಸತ್ಯಕ್ಕೊಂದು ಇಡೀ ವರ್ಡ್: ಆರಂಭಿಕ ಫೋರ್ಟ್ರಾನ್ ಕಂಪೈಲರುಗಳಲ್ಲಿ ತಾರ್ಕಿಕ ಮೌಲ್ಯ

1957ರಲ್ಲಿ ಜಾನ್ ಬ್ಯಾಕಸ್ ತಂಡ ಐಬಿಎಂ 704 ಯಂತ್ರಕ್ಕೆಂದು ಹೊರತಂದ ಮೊದಲ ಫೋರ್ಟ್ರಾನ್‌ನಲ್ಲಿ ಸತ್ಯ, ಅಸತ್ಯ ಎಂಬ ಮೌಲ್ಯಗಳೇ ಇರಲಿಲ್ಲ. ಇದ್ದದ್ದು ಕವಲುಗಳು ಮಾತ್ರ. ಇಫ್ ವಾಕ್ಯದ ಲೆಕ್ಕ ಋಣವಾದರೆ ಒಂದು ಸಾಲಿಗೆ, ಸೊನ್ನೆಯಾದರೆ ಇನ್ನೊಂದಕ್ಕೆ, ಧನವಾದರೆ ಮತ್ತೊಂದಕ್ಕೆ ಜಿಗಿತ. ಇದನ್ನು ಭಾಷೆಯ ಬಡತನ ಎಂದುಬಿಡುವುದು ಸುಲಭ. ಆದರೆ ಅಕ್ಯುಮುಲೇಟರಿನಲ್ಲಿರುವುದು ಸೊನ್ನೆಯೇ, ಋಣವೇ ಎಂದು ನೋಡಿ ಜಿಗಿಯುವ ಆದೇಶಗಳು 704ರಲ್ಲಿದ್ದವು. ಯಂತ್ರಕ್ಕೆ ಗೊತ್ತಿದ್ದ ಪ್ರಶ್ನೆಗಳನ್ನೇ ಭಾಷೆಯೂ ಕೇಳಿತು. ಸತ್ಯವೆಂಬುದು ಅಲ್ಲಿ ಎಲ್ಲೂ ಕೂಡಿಡುವ ವಸ್ತುವಾಗಿರಲಿಲ್ಲ, ಹಿಡಿಯುವ ದಾರಿಯಾಗಿತ್ತು.

ಫೋರ್ಟ್ರಾನ್ 2ರ ಉಪಾಯ ವಿಚಿತ್ರವಾದದ್ದು. ಕಾರ್ಡಿನ ಮೊದಲ ಕಾಲಮ್ಮಿನಲ್ಲಿ ಬಿ ಅಕ್ಷರ ತೂತು ಮಾಡಿದರೆ ಆ ಸಾಲಿನ ಮಟ್ಟಿಗೆ ಕೂಡುವ ಚಿಹ್ನೆ ‘ಅಥವಾ’, ಗುಣಿಸುವ ಚಿಹ್ನೆ ‘ಮತ್ತು’, ಕಳೆಯುವ ಚಿಹ್ನೆ ‘ಅಲ್ಲ’ ಆಗುತ್ತಿತ್ತು. ಕ್ರಿಯೆ ನಡೆಯುತ್ತಿದ್ದದ್ದು ಒಂದು ವರ್ಡ್‌ನ ಎಲ್ಲ 36 ಬಿಟ್‌ಗಳ ಮೇಲೂ ಒಟ್ಟಿಗೆ. ಇದು ಬಿಟ್‌ಗಳ ಬೀಜಗಣಿತ, ತೀರ್ಮಾನದ ಮೌಲ್ಯವಲ್ಲ.

1962ರ ಫೋರ್ಟ್ರಾನ್ 4ರಲ್ಲಿ ಲಾಜಿಕಲ್ ಎಂಬ ಪ್ರತ್ಯೇಕ ಬಗೆ ಬಂತು. 1966ರ ಅಮೆರಿಕನ್ ಮಾನಕ ಅದಕ್ಕೆ ಪೂರ್ಣಾಂಕದಷ್ಟೇ ಜಾಗ, ಅಂದರೆ ಒಂದು ಇಡೀ ವರ್ಡ್, ಗೊತ್ತುಮಾಡಿತು. ಐಬಿಎಂ 7090ರ ಲೆಕ್ಕದಲ್ಲಿ ನೋಡಿ: ಅದರ ಸ್ಮೃತಿ 32,768 ವರ್ಡ್‌ಗಳದು. 150 ಸಾಲು, 150 ಕಂಬದ ‘ಹೌದು-ಅಲ್ಲ’ ಕೋಷ್ಟಕ 22,500 ವರ್ಡ್ ನುಂಗುತ್ತದೆ. ಒತ್ತಿ ಜೋಡಿಸಿದರೆ 625 ಸಾಕು. ಆದರೆ ಒಂದೊಂದು ಬಿಟ್ ಹೆಕ್ಕಲು ಪ್ರತಿ ಸಲವೂ ಸರಿಸುವ, ಮರೆಮಾಡುವ ಆದೇಶಗಳು ಬೇಕು. ವೇಗಕ್ಕೆ ಹೆಸರಾಗಬೇಕಿದ್ದ ಕಂಪೈಲರ್ ಜಾಗವನ್ನೇ ಬಿಟ್ಟುಕೊಟ್ಟದ್ದು, ನನ್ನ ದೃಷ್ಟಿಯಲ್ಲಿ, ಸರಿಯಾದ ಆಯ್ಕೆ.

ಅದೇ ಮಾನಕ ಜಾಗ ಗೊತ್ತುಮಾಡಿತೇ ಹೊರತು ಆ ಜಾಗದಲ್ಲಿ ಯಾವ ಬಿಟ್ ವಿನ್ಯಾಸ ಸತ್ಯವೆಂದು ಹೇಳಲಿಲ್ಲ. ಎಡವಿದ್ದು ಇಲ್ಲಿ. ಡಿಇಸಿ ಪಿಡಿಪಿ-10ರ ಫೋರ್ಟ್ರಾನ್ ಚಿಹ್ನೆಯ ಬಿಟ್ ನೋಡುತ್ತಿತ್ತು: ಋಣವಾದರೆ ಸತ್ಯ. ಅದೇ ಕಂಪನಿ 1977ರಲ್ಲಿ ತಂದ ವ್ಯಾಕ್ಸ್‌ನಲ್ಲಿ ಕೊನೆಯ ಬಿಟ್ ನೋಡಿ ಜಿಗಿಯುವ ಆದೇಶಗಳಿದ್ದವು. ಅಲ್ಲಿ ಬೆಸವಾದರೆ ಸತ್ಯ. ಎರಡು ಚರಗಳಿಗೆ ಒಂದೇ ಜಾಗ ಕೊಡುವ ಇಕ್ವಿವಲೆನ್ಸ್ ವಾಕ್ಯದ ಮೂಲಕ ಲಾಜಿಕಲ್ ಚರದ ಜಾಗದಲ್ಲೇ -2 ಇಟ್ಟ ಪ್ರೋಗ್ರಾಮಿಗೆ ಮೊದಲ ಯಂತ್ರ ‘ಹೌದು’ ಎಂದರೆ ಎರಡನೆಯದು ‘ಅಲ್ಲ’ ಎನ್ನುತ್ತಿತ್ತು. ಮಾನಕವನ್ನು ಮೀರಿದ್ದು ಪ್ರೋಗ್ರಾಮರ್, ನಿಜ. ಆದರೆ ತಪ್ಪನ್ನು ಎತ್ತಿ ತೋರಿಸುವವರು ಯಾರೂ ಇರಲಿಲ್ಲ.

ವ್ಯಾಕ್ಸ್ ಕಂಪೈಲರಿನ ವಂಶದಲ್ಲಿ ಬಂದ ಇಂಟೆಲ್ ಫೋರ್ಟ್ರಾನ್, ಬೇರೆ ಸೂಚನೆ ಕೊಡದಿದ್ದರೆ, ಬೆಸವನ್ನೇ ಸತ್ಯವೆಂದು ಎಣಿಸುವ ರೂಢಿಯನ್ನು ಈ ಶತಮಾನಕ್ಕೂ ತಂದಿತು.