ಹಲರು ಯಾರು? ಬಾರಕೂರು–ಬಸರೂರು ಶಾಸನಗಳಿಂದ ಒಂದು ಪೌರನೀತಿ ಪಾಠ

ಊರಾಡಳಿತದ ಇತಿಹಾಸ ಕಲಿಸುವಾಗ ನಮ್ಮ ಸಮಾಜ ವಿಜ್ಞಾನ ತರಗತಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಹೆಸರು ಚೋಳರ ಉತ್ತರಮೇರೂರು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳು ಅಷ್ಟು ದೂರ ಹೋಗಬೇಕಿಲ್ಲ. ಬಾರಕೂರು, ಬಸರೂರುಗಳ ವಿಜಯನಗರ ಕಾಲದ ಶಾಸನಗಳಲ್ಲಿ ಅರಸನ ಹೆಸರು ಮತ್ತು ಬಾರಕೂರು ರಾಜ್ಯವನ್ನಾಳುವ ಅಧಿಕಾರಿಯ ಹೆಸರಿನ ಜೊತೆಗೆ ‘ಹಲರು’ ಎಂಬ ಕೂಟವೂ ಕಾಣಿಸಿಕೊಳ್ಳುತ್ತದೆ. ಬಾರಕೂರಿನಲ್ಲಿ ಅವರು ‘ಹತ್ತು ಕೇರಿಯ ಹಲರು’. ಆ ಕೇರಿಗಳಲ್ಲಿ ಚೌಳಿಕೇರಿ, ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿಗಳ ಹೆಸರು ಇಂದಿಗೂ ಜನರ ಬಾಯಲ್ಲಿದೆ. ಕರಾವಳಿಯ ಶಾಸನಗಳಲ್ಲಿ ನಖರವೂ ಇದೆ, ಹಂಜಮಾನವೂ ಇದೆ. ಮೊದಲನೆಯದು ವರ್ತಕರ ಸಂಘ; ಎರಡನೆಯದು ಪಾರಸಿಯ ‘ಅಂಜುಮನ್’, ಕಡಲಾಚೆಯಿಂದ ಬಂದ ವರ್ತಕರ ಕೂಟ. ಕೆ. ವಿ. ರಮೇಶ್ (1970), ಪಿ. ಗುರುರಾಜ ಭಟ್ (1975) ಅವರ ಗ್ರಂಥಗಳು ಬಂದು ಅರ್ಧ ಶತಮಾನ ಕಳೆದಿದ್ದರೂ ಈ ಸಾಮಗ್ರಿ ತರಗತಿಯನ್ನು ಸರಿಯಾಗಿ ಮುಟ್ಟಿಲ್ಲವೆಂಬುದು ನನ್ನ ಕೊರಗು.

ಆದರೆ ಹಲರನ್ನು ಹಳೆಯ ಕಾಲದ ಗ್ರಾಮಸಭೆಯೆಂದು ಹೇಳಿಕೊಡುವುದು ತಪ್ಪು. ಹಲರು ಎಂದರೆ ಹಲವರು, ಎಲ್ಲರೂ ಅಲ್ಲ. ಉತ್ತರಮೇರೂರಿನಲ್ಲೂ ಮಡಕೆಯಿಂದ ಓಲೆ ಎತ್ತಿ ಸದಸ್ಯರನ್ನು ಆರಿಸುವ ಕುಡವೋಲೆಗೆ ಹೆಸರು ಬರಬೇಕಾದರೆ ಸ್ವಂತ ಭೂಮಿ ಬೇಕಿತ್ತು, ವಯಸ್ಸು 35ರಿಂದ 70ರ ಒಳಗಿರಬೇಕಿತ್ತು. ಗದ್ದೆಯ ಆಳುಗಳು, ಮೀನು ಹಿಡಿಯುವವರು, ಹೆಂಗಸರು ಹತ್ತು ಕೇರಿಯ ತೀರ್ಮಾನಗಳನ್ನು ಎಲ್ಲಿ ನಿಂತು ಕೇಳಿಸಿಕೊಂಡರು? ಕಲ್ಲು ಯಾರ ಹೆಸರು ಹೇಳುತ್ತದೆ, ಯಾರದನ್ನು ಹೇಳುವುದಿಲ್ಲ ಎಂದು ಗಮನಿಸಲು ಕಲಿಯುವುದೇ ಇತಿಹಾಸದ ಪಾಠ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆಯಲ್ಲಿ ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಸದಸ್ಯರು ಎಂಬ ಪೌರನೀತಿಯ ಸಾಲಿಗೆ ತೂಕ ಬರುವುದು ಇದರ ಪಕ್ಕದಲ್ಲಿಟ್ಟು ಓದಿದಾಗ.

ಹದಿನೆಂಟು ತುಂಬದವರು ಅಲ್ಲಿಯೂ ಹೊರಗೇ. ಬೈಂದೂರು ಇನ್ನೂ ಸೇರಿದ್ದ ಆಗಿನ ಕುಂದಾಪುರ ತಾಲೂಕಿನಲ್ಲಿ, 1990ರ ದಶಕದಲ್ಲಿ, ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಿಂದ ಮಕ್ಕಳ ಪಂಚಾಯತ್‌ಗಳು ಹುಟ್ಟಿದವು. ಶಾಲೆಗೆ ಹೋಗುವವರ ಜೊತೆ ದುಡಿಯುವ ಮಕ್ಕಳೂ ಅಲ್ಲಿ ಚುನಾಯಿತರಾಗಿ ಕುಳಿತರು. ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರದ ಸೂಚನೆ ರಾಜ್ಯದ ಎಲ್ಲ ಪಂಚಾಯತ್‌ಗಳಿಗೆ ಬಂದದ್ದು ಆಮೇಲೆ.

ಹಾಗಾಗಿ ಮಕ್ಕಳನ್ನು ಕೇರಿಯ ಶಾಸನದ ಮುಂದೆ ಕೂರಿಸಿ ಎರಡು ಪಟ್ಟಿ ಬರೆಸಬೇಕು: ಈ ಕಲ್ಲು ಹೆಸರಿಸುವವರು, ಕಳೆದ ಗ್ರಾಮಸಭೆಯಲ್ಲಿ ಮಾತಾಡಿದವರು. ಜಾತಿ ಕೇಳಬಾರದು, ಕಸುಬು ಕೇಳಿದರೆ ಸಾಕು. ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕ ಬೇಕೆನ್ನುವ ಹುಡುಗಿ ಯಾವ ಪಟ್ಟಿಯಲ್ಲಿ ಬರುತ್ತಾಳೆಂದು ಅವರೇ ಹುಡುಕಲಿ.