ಬಾಸ್ಟನ್ ಐಸು, ಕೊಡಗಿನ ಕಾಫಿ, ಮುಂಬೈ ಹಾಲು

ನಮ್ಮದು ಇತಿಹಾಸದ ಚಾನೆಲ್, ಅಡುಗೆಯದಲ್ಲ. ಆದ್ರೂ ಇವತ್ತು ಕೋಲ್ಡ್ ಕಾಫಿ. ಕಾರಣ ಹೇಳ್ತೀನಿ. ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ನನ್ನ ಸಕ್ಕರೆ ಅಂಶ ಗಡಿರೇಖೆಗೆ ಬಂತು. ದಿನಾ ಸಂಜೆ ಏನು ಕುಡೀತೀರಿ ಅಂತ ಡಾಕ್ಟರ್ ಕೇಳಿದ್ರು. ಮೇ ತಿಂಗಳ ಮುಂಬೈ ಸೆಖೆ, ಗೊತ್ತಲ್ಲ, ಕ್ರೀಮು ಸಿರಪ್ಪು ಹಾಕಿದ ದೊಡ್ಡ ಲೋಟದ ಫ್ರಾಪೆ!

ಆ ಲೋಟದಲ್ಲಿರೋ ಐಸು ಈ ಊರಿಗೆ ಮೊದಲು ಬಂದದ್ದು 1834ರಲ್ಲಿ, ಹಡಗಿನಲ್ಲಿ, ಅಮೆರಿಕದಿಂದ. ಬಾಸ್ಟನ್ ಸುತ್ತಲಿನ ಕೆರೆಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ತಿಂಗಳುಗಟ್ಟಲೆ ಸಾಗಿಸ್ತಿದ್ರು. ಹಿಂದಿನ ವರ್ಷ ಕಲ್ಕತ್ತಾಕ್ಕೆ ಹೊರಟ ಸುಮಾರು 180 ಟನ್‌ನಲ್ಲಿ ಉಳಿದು ತಲುಪಿದ್ದು 100 ಟನ್ ಅಷ್ಟೇ. ಜಮ್ಶೆಟ್‌ಜೀ ಜೀಜೀಭಾಯಿ ಔತಣದಲ್ಲಿ ಐಸ್‌ಕ್ರೀಮ್ ಬಡಿಸಿದ್ರು, ತಿಂದವರಿಗೆಲ್ಲ ನೆಗಡಿ ಆಯ್ತು ಅಂತ ಒಂದು ಕಥೆ ಇದೆ! ಐಸ್ ಇಡೋಕೆ ಕೋಟೆ ಪ್ರದೇಶದಲ್ಲಿ ಐಸ್ ಹೌಸ್ ಕಟ್ಟಿದ್ರು. ಅದು ಈಗಿಲ್ಲ, ಆ ಜಾಗದಲ್ಲಿ ಕಾಮಾ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಇದೆ.

ಅಲ್ಲಿಂದ ನಡೆದೇ ಹೋಗಬಹುದಾದ ಹಾರ್ನಿಮನ್ ಸರ್ಕಲ್‌ನಲ್ಲಿ 2012ರ ಅಕ್ಟೋಬರಿನಲ್ಲಿ ದೇಶದ ಮೊದಲ ಸ್ಟಾರ್‌ಬಕ್ಸ್ ತೆರೆಯಿತು. ಅವರ ಫ್ರಾಪುಚಿನೋ ಅನ್ನೋ ಹೆಸರೂ ಬಾಸ್ಟನ್ ಕಡೆಯದೇ, 1994ರಲ್ಲಿ ಅವರು ಕೊಂಡ ಅಲ್ಲಿನ ಕಾಫಿ ಕಂಪನಿಯಿಂದ ಬಂದದ್ದು. ಆದ್ರೆ ಕಾಫಿ ಬೀಜ ನಮ್ಮದು. ಟಾಟಾದವರು ಕೊಡಗಿನ ಕುಶಾಲನಗರದಲ್ಲಿ ಹುರಿದು ಕಳಿಸ್ತಾರೆ.

ಇನ್ನು ಹಾಲು. ನನಗೆ ಇದೇ ಮುಖ್ಯ. ಎಮ್ಮೆ ಹಾಲಿನಲ್ಲಿ ಕೊಬ್ಬು ಶೇ. 6ರಿಂದ 7. ಮುಂಬೈಗೆ ಹಾಲಿನ ತೀವ್ರ ಕೊರತೆ ಇದ್ದ ಕಾಲದಲ್ಲಿ ದಾರಾ ಖುರೋಡಿ ಎಂಬ ಅಧಿಕಾರಿ ಅದಕ್ಕೆ ಕೆನೆ ತೆಗೆದ ಹಾಲಿನ ಪುಡಿ, ನೀರು ಬೆರೆಸಿ ಹೆಚ್ಚು ಜನಕ್ಕೆ ಹಂಚುವ ದಾರಿ ಕಂಡುಕೊಂಡರು. ಅದೇ ಟೋನ್ಡ್ ಹಾಲು, 1946ರಲ್ಲಿ ಶುರುವಾದದ್ದು ಇದೇ ಊರಲ್ಲಿ. 1949ರಲ್ಲಿ ಗೋರೆಗಾಂವ್‌ನ ಆರೇ ಕಾಲೊನಿ ಬಂತು. ಪೊವಾಯಿ, ಮಲಾಡ್ ಕಡೆ ಕೆಲಸ ಮಾಡೋರು ದಿನಾ ಅದರ ಪಕ್ಕದಲ್ಲೇ ಓಡಾಡ್ತೀರಿ. 1963ರಲ್ಲಿ ಕುರಿಯನ್, ತ್ರಿಭುವನದಾಸ್ ಪಟೇಲರ ಜೊತೆ ಖುರೋಡಿಯವರಿಗೂ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. ಕುರಿಯನ್ ಹೆಸರು ಎಲ್ಲರಿಗೂ ಗೊತ್ತು, ಇವರದು ಯಾಕೋ ಮರೆತೇ ಹೋಯ್ತು. ಬಡವರಿಗೆ ಎಟುಕಲಿ ಅಂತ ಹಗುರ ಮಾಡಿದ ಹಾಲು ಈಗ ನನ್ನಂಥ ಕುರ್ಚಿಗೆ ಅಂಟಿದವನ ಸರದಿಗೆ ಬಂದಿದೆ.

ಮನೇಲಿ ಮಾಡೋದು ಸುಲಭ. ತೊಂದರೆ ಎಲ್ಲಾ ಐಸಿನದೇ: ಕರಗಿದರೆ ನೀರು ನೀರು, ಅದನ್ನ ಮುಚ್ಚೋಕೆ ಕ್ರೀಮು, ಸಿರಪ್ಪು. ಅದಕ್ಕೇ ನೀರನ್ನ ಬಿಟ್ಟು ಡಿಕಾಕ್ಷನ್ನನ್ನೇ ಐಸ್ ಟ್ರೇಗೆ ಸುರಿದು ರಾತ್ರಿ ಫ್ರೀಜರ್‌ನಲ್ಲಿಡಿ. ಮಾಟುಂಗಾದಲ್ಲಿ ಸಿಗೋ ಚಿಕೋರಿ ಬೆರೆತ ಪುಡಿ ಆದ್ರೆ ಇನ್ನೂ ಗಟ್ಟಿ. ಬೆಳಿಗ್ಗೆ ನಾಲ್ಕು ಕ್ಯೂಬಿಗೆ 150 ಎಂಎಲ್ ಡಬಲ್ ಟೋನ್ಡ್ ಹಾಲು (ಕೊಬ್ಬು ಶೇ. 1.5), ಒಂದೇ ಚಮಚ ಸಕ್ಕರೆ ಹಾಕಿ ಮಿಕ್ಸಿ ತಿರುಗಿಸಿ. ಕೊಬ್ಬು ಕಡಿಮೆ ಇರೋ ತಣ್ಣನೆ ಹಾಲು ನೊರೆ ಚೆನ್ನಾಗಿ ಕೊಡುತ್ತೆ, ಕ್ರೀಮಿನ ನೆನಪೇ ಬರಲ್ಲ. ಕುಡೀತಾ ಕುಡೀತಾ ಉಳಿದ ಚೂರುಗಳು ಕರಗಿ ಕಾಫಿ ಸ್ಟ್ರಾಂಗ್ ಆಗುತ್ತೆ, ಆದ್ರಿಂದ ಸಂಜೆ ಏಳರ ಮೇಲೆ ಬೇಡ.